ಹೆಸರು ಬದಲಾಗಲಿ, ಮದ್ದು ಬದಲಾಗದಿರಲಿ

ಗುಂಡ್ಲುಪೇಟೆಯ ಬಸ್ ನಿಲ್ದಾಣಕ್ಕೆ ಸಮೀಪದ ಒಂದು ಔಷಧದಂಗಡಿಯ ಮುಂದೆ ಈಚೆಗೆ ನಾವು ಕಂಡ ಸಂಗತಿಯಿದು. ಚೆಂಡುಹೂ ಕೀಳುವ ಕೂಲಿಗೆ ಹೋಗುವ ಒಬ್ಬ ತಾಯಿ ತನ್ನ ಹತ್ತು ವರ್ಷದ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸೆರಗಿನ ತುದಿಯಿಂದ ಒಂದು ಖಾಲಿ ಸೀಸೆ ತೆಗೆದು, ಅಂಥದೇ ಇನ್ನೊಂದು ಕೊಡಿ ಎಂದು ಕೇಳಿದಳು. ಹುಡುಗ ಎರಡು ಕೈಯಲ್ಲೂ ಕಣ್ಣು ಉಜ್ಜುತ್ತಿದ್ದ. ಅಂಗಡಿಯವನು ಬೆಲೆ ಹೇಳಿದ. ಆಕೆಯ ಕೈಯಲ್ಲಿದ್ದ ಹಣ ಅದರ ಅರ್ಧಕ್ಕೂ ಸಾಲದು. "ಹಾಗಾದರೆ ಇದನ್ನು ತಕೊಳ್ಳಿ, ಅದೇ ಕೆಲಸ ಮಾಡುತ್ತದೆ, ಕಾಲು ಭಾಗ ಬೆಲೆ" ಎಂದು ಅವನು ಇನ್ನೊಂದು ಸೀಸೆಯನ್ನು ಮುಂದಿಟ್ಟ. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಮ್ಮ ಕಡೆ ತಿರುಗಿ, "ಇದ ಹಾಕುದ್ರ ಹೈದನ ಕಣ್ಗ ಏನೂ ಆಗಲ್ವಾ, ಮೇಷ್ಟ್ರೆ?" ಎಂದಳು.

ಈ ಪ್ರಶ್ನೆಗೆ ಉತ್ತರ ಹೇಳುವುದು ಅಂಗಡಿಯವನ ಕೆಲಸವಲ್ಲ. ಪಾಠ ಹೇಳುವುದನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ನಮ್ಮಂಥವರ ಕೆಲಸವೂ ಅಲ್ಲ. ಆದರೆ ಉತ್ತರ ಹೇಳಬೇಕಾದ ವೈದ್ಯರು ಆ ಹೊತ್ತಿಗೆ ಅಲ್ಲಿರಲಿಲ್ಲ, ಹೇಳಬೇಕಾದ ಸರ್ಕಾರ ಎಂದೂ ಅಲ್ಲಿರುವುದಿಲ್ಲ. ಆದುದರಿಂದ ತಿಳಿದವರನ್ನು ಕೇಳಿ, ಓದಿ, ವಿಚಾರಿಸಿ ನಾವು ಕಂಡುಕೊಂಡದ್ದನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಕಣ್ಣಿನ ಅಲರ್ಜಿ ನಮ್ಮ ಸೀಮೆಗೆ ಹೊಸದಲ್ಲ. ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂವೂ ಸೂರ್ಯಕಾಂತಿಯೂ ಅರಳಿದಾಗ ದಾರಿಹೋಕರು ಗಾಡಿ ನಿಲ್ಲಿಸಿ ಪಟ ತೆಗೆಸಿಕೊಳ್ಳುತ್ತಾರೆ; ಆ ಹೂವಿನ ನಡುವೆ ದಿನವಿಡೀ ಬಗ್ಗಿ ನಿಂತವರ ಕಣ್ಣನ್ನು ಯಾರೂ ಪಟ ತೆಗೆಯುವುದಿಲ್ಲ. ಚಾಮರಾಜನಗರದ ಸುತ್ತ ಕರಿಕಲ್ಲಿನ ಕ್ವಾರಿಗಳ ಧೂಳು, ಕ್ರಷರುಗಳ ಪುಡಿ, ಅರಿಸಿನದ ಕಣ, ರೇಷ್ಮೆ ಸಾಕುವ ಮನೆಗಳ ಪತಂಗದ ಹೊಟ್ಟು, ರಸ್ತೆಯ ಬದಿಯಲ್ಲೆಲ್ಲ ಹಬ್ಬಿರುವ ಪಾರ್ಥೇನಿಯಂ, ಹೀಗೆ ಕಣ್ಣಿಗೆ ಬೀಳುವ ಶತ್ರುಗಳು ಒಂದೆರಡಲ್ಲ. ಈ ಕೊನೆಯದಕ್ಕೆ ನಮ್ಮ ಜನ ಕಾಂಗ್ರೆಸ್ ಗಿಡವೆಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಕಿತ್ತಷ್ಟೂ ಬೆಳೆಯುವ ಅದರ ಗುಣವನ್ನು ನೋಡಿದರೆ ಹೆಸರಿಟ್ಟವರ ಜಾಣತನವನ್ನು ಮೆಚ್ಚಬೇಕು.

ಅಲರ್ಜಿಯ ಲಕ್ಷಣ ಮುಖ್ಯವಾಗಿ ತುರಿಕೆ. ಎರಡೂ ಕಣ್ಣು ತುರಿಸುತ್ತವೆ, ಕೆಂಪಾಗುತ್ತವೆ, ನೀರು ಸುರಿಯುತ್ತವೆ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಮದ್ರಾಸ್ ಐ ಎಂದು ನಾವು ಕರೆಯುವ, 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಹರಡಿದ ಕಣ್ಣುಬೇನೆ ಬೇರೆ. ಅದರಲ್ಲಿ ಪಿಸುರು ಬರುತ್ತದೆ, ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತುತ್ತದೆ. ಅಲರ್ಜಿಯಲ್ಲಿಯೇ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಬಿಸಿಲು ಧೂಳಿನ ನಾಡುಗಳಲ್ಲಿ ಬರುವ ಒಂದು ಕಠಿಣ ಜಾತಿಯಿದೆ. ಅದು ವರ್ಷ ವರ್ಷವೂ ಮರುಕಳಿಸುತ್ತದೆ, ದಾರದಂತಹ ಅಂಟು ಪಿಸುರು ಬರುತ್ತದೆ, ಬೆಳಕು ನೋಡಲಾಗುವುದಿಲ್ಲ, ಅಲಕ್ಷ್ಯ ಮಾಡಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೇ ಹುಣ್ಣಾಗುತ್ತದೆ. ಅಂಥ ಮಗುವಿಗೆ ಹನಿಮದ್ದು ಒಂದು ವಾರದ ಮಾತಲ್ಲ, ತಿಂಗಳುಗಳ, ವರ್ಷಗಳ ಮಾತು. ಆದುದರಿಂದಲೇ ಬೆಲೆಯ ಪ್ರಶ್ನೆ ಇಲ್ಲಿ ಕಣ್ಣಿನ ಪ್ರಶ್ನೆಯೇ ಆಗಿಬಿಡುತ್ತದೆ. ಕೊಳ್ಳಲಾರದ ಮದ್ದು ಎಷ್ಟು ಒಳ್ಳೆಯದಾದರೇನು?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಅಗ್ಗದ ಸೀಸೆ ಹಾಕಬಹುದೆ? ನಮ್ಮ ಉತ್ತರ ಇಷ್ಟು: ಒಳಗಿರುವ ಮದ್ದು ಅದೇ ಆಗಿದ್ದರೆ, ಅದರ ಪ್ರಮಾಣ ಅಷ್ಟೇ ಆಗಿದ್ದರೆ, ವೈದ್ಯರು ಬರೆದದ್ದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ಬೆರೆತಿಲ್ಲದಿದ್ದರೆ, ಹಾಕಬಹುದು. "ಅದೇ ಕೆಲಸ ಮಾಡುತ್ತದೆ" ಎಂಬ ಬಾಯಿಮಾತಿನ ಮೇಲೆ ಮಾತ್ರ ಹಾಕಕೂಡದು. ಅದೇ ಕೆಲಸ ಮಾಡುವುದು ಬೇರೆ, ಅದೇ ಮದ್ದಾಗಿರುವುದು ಬೇರೆ. ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ನಮ್ಮ ಮಕ್ಕಳ ಕಣ್ಣು ಹೋಗುತ್ತಿದೆ.

ಪ್ರತಿಯೊಂದು ಔಷಧಕ್ಕೂ ಎರಡು ಹೆಸರುಗಳಿರುತ್ತವೆ. ಒಂದು ಮದ್ದಿನ ನಿಜನಾಮ. ಲೋಕದ ಯಾವ ಮೂಲೆಯಲ್ಲಿ ಯಾರು ಮಾಡಿದರೂ ಅದೇ ಹೆಸರು. ಇನ್ನೊಂದು ಕಂಪನಿ ಇಟ್ಟ ಮಾರಾಟದ ಹೆಸರು. ಓಲೋಪಟಡೀನ್ ಎಂಬುದು ಕಣ್ಣಿನ ಅಲರ್ಜಿಗೆ ಇಂದು ಬಹಳವಾಗಿ ಬರೆಯುವ ಮದ್ದಿನ ನಿಜನಾಮ. ಅಮೆರಿಕದಲ್ಲಿ ಇದಕ್ಕೆ 1996ರಲ್ಲಿ ಒಪ್ಪಿಗೆ ದೊರೆಯಿತು. 2020ರಿಂದ ಅಲ್ಲಿ ಅದು ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತದೆ. ಕೀಟೋಟಿಫೆನ್, ಸೋಡಿಯಂ ಕ್ರೋಮೋಗ್ಲೈಕೇಟ್ ಎಂಬುವು ಇದೇ ಕಾಯಿಲೆಗೆ ಬಳಸುವ ಬೇರೆ ಮದ್ದುಗಳು. ನಮ್ಮ ದೇಶದಲ್ಲಿ ಒಂದೇ ಓಲೋಪಟಡೀನನ್ನು ಅನೇಕ ಕಂಪನಿಗಳು ಅನೇಕ ಹೆಸರುಗಳಿಂದ, ಅನೇಕ ಬೆಲೆಗಳಿಗೆ ಮಾರುತ್ತವೆ. ಹೆಚ್ಚು ಬೆಲೆಯದೇ ಅಸಲು, ಕಡಿಮೆ ಬೆಲೆಯದು ನಕಲು ಎಂಬ ನಂಬಿಕೆ ತಪ್ಪು. ದುಬಾರಿ ಹೆಸರಿನದೂ ಬಹುಮಟ್ಟಿಗೆ ಬೇರೊಬ್ಬರು ಕಂಡುಹಿಡಿದ ಮದ್ದನ್ನು ಇಲ್ಲಿ ತಯಾರಿಸಿ ತನ್ನ ಮುದ್ರೆ ಒತ್ತಿದ್ದೇ. ಹೆಚ್ಚಿಗೆ ಕೊಡುವ ಹಣದಲ್ಲಿ ಬಹುಭಾಗ ಹೋಗುವುದು ಆ ಮುದ್ರೆಗೆ, ಅದನ್ನು ಹೊತ್ತು ವೈದ್ಯರ ಬಾಗಿಲಿಗೆ ಅಲೆಯುವ ಪ್ರತಿನಿಧಿಗಳ ವೆಚ್ಚಕ್ಕೆ, ನಡುವಿನ ಕಮಿಷನ್ನಿಗೆ.

ಹೀಗೆ ಹಲವರು ತಯಾರಿಸುವಂತಾದದ್ದು ತಾನಾಗಿ ಆದದ್ದಲ್ಲ. 1970ರ ಪೇಟೆಂಟ್ ಕಾಯಿದೆ ಔಷಧದ ಮೇಲೆಯೇ ಯಾರಿಗೂ ಏಕಸ್ವಾಮ್ಯ ಕೊಡದೆ, ತಯಾರಿಸುವ ವಿಧಾನಕ್ಕೆ ಮಾತ್ರ ರಕ್ಷಣೆ ಕೊಟ್ಟಿತು. ಅದರ ಫಲವಾಗಿ ಭಾರತ ತನ್ನ ಮದ್ದನ್ನು ತಾನೇ ಮಾಡಿಕೊಳ್ಳುವ ದೇಶವಾಯಿತು. 1975ರಲ್ಲಿ ಜೈಸುಖಲಾಲ್ ಹಾಥಿಯವರ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾರಾಟದ ಹೆಸರುಗಳನ್ನು ಹಂತಹಂತವಾಗಿ ತೆಗೆದುಹಾಕಿ ನಿಜನಾಮವನ್ನೇ ಬಳಸಬೇಕೆಂದು ಸಲಹೆ ಮಾಡಿತು. ಐವತ್ತು ವರ್ಷ ಕಳೆದವು. ಹೆಸರುಗಳು ಕಡಿಮೆಯಾಗಲಿಲ್ಲ, ಬೆಳೆದವು. 2005ರಲ್ಲಿ ಔಷಧದ ಮೇಲಿನ ಪೇಟೆಂಟ್ ಮರಳಿ ಬಂದಿತು. 2008ರಲ್ಲಿ ಕೇಂದ್ರ ಸರ್ಕಾರ ಜನೌಷಧಿ ಅಂಗಡಿಗಳನ್ನು ಆರಂಭಿಸಿತು. ಅಲ್ಲಿ ನಿಜನಾಮದ ಔಷಧ ಹೆಸರುವಾಸಿ ಔಷಧಕ್ಕಿಂತ ನೂರಕ್ಕೆ 50ರಿಂದ 80ರಷ್ಟು ಕಡಿಮೆ ಬೆಲೆಗೆ ದೊರೆಯುತ್ತದೆಂದು ಸರ್ಕಾರವೇ ಹೇಳುತ್ತದೆ. ಒಂದೇ ಮದ್ದನ್ನು ಇಷ್ಟು ಅಗ್ಗವಾಗಿ ಕೊಡಲು ಸಾಧ್ಯವೆಂದರೆ, ಇಷ್ಟು ವರ್ಷ ಬಡವನಿಂದ ಸುಲಿದದ್ದೆಷ್ಟು ಎಂಬ ಲೆಕ್ಕವನ್ನೂ ಸರ್ಕಾರವೇ ಹೇಳಿದಂತಾಯಿತು.

ಇಲ್ಲಿ ಕಾನೂನಿನ ಒಂದು ಗಂಟಿದೆ. ಅದನ್ನು ಓದುಗರು ತಿಳಿದಿರಬೇಕು. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಗೆ ಶೆಡ್ಯೂಲ್ ಎಚ್ ಎನ್ನುತ್ತಾರೆ. ಆ ಪಟ್ಟಿಯ ಔಷಧವನ್ನು ವೈದ್ಯರು ಒಂದು ಕಂಪನಿಯ ಹೆಸರಿನಿಂದ ಬರೆದಿದ್ದರೆ, ಅಂಗಡಿಯವನು ಅದರ ಬದಲು ಇನ್ನೊಂದನ್ನು, ಒಳಗಿನ ಮದ್ದು ಅದೇ ಆಗಿದ್ದರೂ, ತಾನಾಗಿ ಕೊಡುವಂತಿಲ್ಲ. ಔಷಧ ನಿಯಮಗಳ 65ನೆಯ ನಿಯಮ ಹಾಗೆ ಹೇಳುತ್ತದೆ. ಅಂಗಡಿಯವನ ಕೈ ಕಟ್ಟಿದ್ದಾಯಿತು. ವೈದ್ಯರ ಲೇಖನಿಯ ಮಾತೇನು? 2002ರ ವೈದ್ಯಕೀಯ ನೀತಿ ನಿಯಮಗಳು ಸಾಧ್ಯವಾದಷ್ಟೂ ನಿಜನಾಮವನ್ನು ಬರೆಯಿರಿ ಎಂದವು. 2016ರ ತಿದ್ದುಪಡಿ ಅದನ್ನು ಸ್ಪಷ್ಟವಾಗಿ, ಓದಲು ಬರುವಂತೆ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದಿತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಕಡ್ಡಾಯ ಮಾಡಿ ತಪ್ಪಿದವರಿಗೆ ಶಿಕ್ಷೆಯನ್ನೂ ವಿಧಿಸುವ ನಿಯಮ ತಂದಿತು; ವೈದ್ಯರ ಸಂಘಗಳು ಎದುರು ನಿಂತವು; ಅದೇ ತಿಂಗಳು ಮುಗಿಯುವ ಮೊದಲೇ ಆ ನಿಯಮವನ್ನು ತಡೆಹಿಡಿಯಲಾಯಿತು. ಹೀಗೆ ಬಡವನ ಪಾಲಿನ ನಿಯಮ ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಮಲಗಿತು.

ವೈದ್ಯರ ವಿರೋಧದಲ್ಲಿ ಸ್ವಾರ್ಥ ಮಾತ್ರವೇ ಇತ್ತೆಂದು ನಾವು ಹೇಳುವುದಿಲ್ಲ. ಅವರು ಕೇಳಿದ ಒಂದು ಪ್ರಶ್ನೆ ನ್ಯಾಯವಾದದ್ದು: ಅಗ್ಗದ ಔಷಧದ ಗುಣಕ್ಕೆ ಹೊಣೆ ಯಾರು? ಈ ಭಯ ಬರಿಯ ಭ್ರಮೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಸರ್ಕಾರ ಕೊಂಡು ಹಂಚಿದ್ದ ಗ್ಲೂಕೋಸಿನಂಥ ಸಿರೆದ್ರವದ ಮೇಲೆಯೇ ಶಂಕೆ ಬಿದ್ದು ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. ಕಣ್ಣಿನ ಹನಿಯ ವಿಷಯದಲ್ಲಿಯೂ ಉದಾಹರಣೆ ಇದೆ. ಚೆನ್ನೈ ಬಳಿಯ ಒಂದು ಕಾರ್ಖಾನೆಯಿಂದ ಅಮೆರಿಕಕ್ಕೆ ಹೋದ, ಒಣಗಿದ ಕಣ್ಣಿಗೆ ಹಾಕುವ ಹನಿಯಲ್ಲಿ ರೋಗಾಣು ಸೇರಿ, 2023ರ ಮೇ ತಿಂಗಳ ಹೊತ್ತಿಗೆ ಅಲ್ಲಿ 81 ಮಂದಿಗೆ ಸೋಂಕು ತಗುಲಿತ್ತು. 14 ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ಸತ್ತರು. ಮಾತ್ರೆಯಾದರೆ ಹೊಟ್ಟೆಗೆ ಹೋಗಿ ಅಲ್ಲಿನ ಆಮ್ಲವನ್ನು ದಾಟಬೇಕು. ಕಣ್ಣಿನ ಹನಿಗೆ ಅಂಥ ಕಾವಲಿಲ್ಲ. ಆದುದರಿಂದ ಅದು ಒಂದು ರೋಗಾಣುವೂ ಇಲ್ಲದಷ್ಟು ಶುದ್ಧವಾಗಿರಬೇಕು.

ಆದರೆ ಈ ದುರಂತಗಳಿಂದ ಕಲಿಯಬೇಕಾದ ಪಾಠ ಯಾವುದು? ಅಗ್ಗದ್ದೆಲ್ಲ ಕೆಟ್ಟದ್ದು ಎಂದೆ? ಅಮೆರಿಕದವರು ಆ ಹನಿಯನ್ನು ಅಗ್ಗವೆಂದು ಭಿಕ್ಷೆ ಬೇಡಿ ಹಾಕಿಕೊಂಡವರಲ್ಲ. ಅಂಗಡಿಯಲ್ಲಿ ಹಣ ಕೊಟ್ಟು ಕೊಂಡವರು. ಅಲ್ಲಿ ತಪ್ಪಿದ್ದು ಬೆಲೆಯಲ್ಲ, ಕಾರ್ಖಾನೆಯ ಶುಚಿತ್ವ ಮತ್ತು ಅದನ್ನು ನೋಡಬೇಕಾದವರ ಕಣ್ಣು. ದುಬಾರಿ ಹೆಸರು ಶುದ್ಧತೆಯ ಜಾಮೀನಲ್ಲ, ಕಡಿಮೆ ಬೆಲೆ ಅಶುದ್ಧತೆಯ ಸಾಕ್ಷಿಯೂ ಅಲ್ಲ. ಜಾಮೀನು ಕೊಡಬಲ್ಲದ್ದು ತಪಾಸಣೆಯೊಂದೇ. ತಪಾಸಣೆ ಮಾಡದ ಸರ್ಕಾರ ಬಡವನಿಗೆ ಎರಡು ದಾರಿ ಬಿಡುತ್ತದೆ: ಕೊಳ್ಳಲಾಗದ ಭರವಸೆ, ಇಲ್ಲವೆ ಭರವಸೆಯಿಲ್ಲದ ಅಗ್ಗ. ಎರಡನ್ನೂ ನಾವು ಒಪ್ಪುವುದಿಲ್ಲ.

ಇಷ್ಟಾದರೂ ಅಗ್ಗದ ಹನಿಯ ಅಶುದ್ಧತೆಗಿಂತ ನಮ್ಮ ತಾಲ್ಲೂಕುಗಳಲ್ಲಿ ದಿನನಿತ್ಯ ಹೆಚ್ಚು ಕೇಡು ಮಾಡುವುದು ಇನ್ನೊಂದು. ಅದು ಹೆಸರಿನ ಜೊತೆಗೆ ಮದ್ದೇ ಬದಲಾಗಿಬಿಡುವುದು.

ನಾವು ಶಾಲೆಯಲ್ಲಿದ್ದಾಗಿನ ಮಾತು. ಏಳನೆಯ ತರಗತಿಯ ಒಬ್ಬ ಹುಡುಗ ಬೇಸಗೆ ಬಂತೆಂದರೆ ಕಣ್ಣು ಕೆಂಡ ಮಾಡಿಕೊಂಡು ಕೂಡುತ್ತಿದ್ದ. ತಂದೆ ಕ್ವಾರಿಯ ಕೂಲಿ. ಮೊದಲ ವರ್ಷ ಪಟ್ಟಣದ ವೈದ್ಯರು ಬರೆದ ಹನಿಯ ಬೆಲೆ ಹೆಚ್ಚಾಯಿತೆಂದು, ಎರಡನೆಯ ಸಲ ಅಂಗಡಿಯಲ್ಲಿ "ಅಗ್ಗದ್ದು" ಕೇಳಿ ತಂದರು. ಆ ಹನಿ ಹಾಕಿದ ಎರಡು ದಿನಕ್ಕೆ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಹುಡುಗ ಸಂತೋಷಪಟ್ಟ, ತಂದೆ ಸಂತೋಷಪಟ್ಟರು, ನಾವೂ "ಒಳ್ಳೆಯ ಔಷಧ, ಬಿಡಬೇಡ" ಎಂದೆವು. ಎರಡು ವರ್ಷ ಅದೇ ಹನಿ, ಅದೇ ಅಂಗಡಿ. ಒಂದು ದಿನ ಆಟದ ಬಯಲಿನಲ್ಲಿ ಪಕ್ಕದಿಂದ ಬಂದ ಚೆಂಡು ಅವನಿಗೆ ಕಾಣಲೇ ಇಲ್ಲ. ಮೈಸೂರಿನಲ್ಲಿ ತೋರಿಸಿದಾಗ ಕಣ್ಣಿನ ಒಳಗಿನ ಒತ್ತಡ ಏರಿ ನರ ಸವೆದಿದೆ, ಪಕ್ಕದ ನೋಟ ಹೋದದ್ದು ಮರಳಿ ಬರುವುದಿಲ್ಲ ಎಂದರು. ಸೀಸೆಯ ಮೇಲೆ ಡೆಕ್ಸಾಮೆಥಾಸೋನ್ ಎಂಬ ಹೆಸರಿತ್ತು. ಆ ಹೆಸರು ನಮ್ಮ ಕಣ್ಣೆದುರಿಗೇ ಎರಡು ವರ್ಷ ಇತ್ತು. ಇಂಗ್ಲಿಷ್ ಅಕ್ಷರ ಕಲಿಸುತ್ತಿದ್ದ ನಾವು ಅದನ್ನು ಒಂದು ಸಲವೂ ಓದಲಿಲ್ಲ. ಈ ತಪ್ಪನ್ನು ಒಪ್ಪಿಕೊಳ್ಳದೆ ಇತರರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್, ಇವು ಸ್ಟೀರಾಯ್ಡ್ ಜಾತಿಯವು. ಇವು ವಿಷವಲ್ಲ. ಕಠಿಣ ಅಲರ್ಜಿಯಲ್ಲಿ ವೈದ್ಯರು ಕೆಲವು ಕಾಲ ಇವನ್ನು ಬರೆಯುತ್ತಾರೆ, ಕಣ್ಣಿನ ಒತ್ತಡವನ್ನು ಅಳೆಯುತ್ತ, ಕ್ರಮವಾಗಿ ಇಳಿಸುತ್ತ ನಿಲ್ಲಿಸುತ್ತಾರೆ. ಆದರೆ ಕೇಳುವವರಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಗ್ಲಾಕೋಮಾ ಬರಬಹುದು, ಚಿಕ್ಕ ವಯಸ್ಸಿಗೇ ಪೊರೆ ಬರಬಹುದು, ಸೋಂಕು ಉಲ್ಬಣಿಸಬಹುದು. ಒತ್ತಡ ಏರುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಕಳ್ಳ ಒಳಹೊಕ್ಕದ್ದು ಮನೆ ಬರಿದಾದ ಮೇಲೆಯೇ ಗೊತ್ತಾಗುತ್ತದೆ. ಇನ್ನೂ ಕೆಲವು ಹನಿಗಳಲ್ಲಿ ನ್ಯಾಫಜೋಲಿನ್ ಇರುತ್ತದೆ. ಅದು ರಕ್ತನಾಳಗಳನ್ನು ಬಿಗಿದು ಕೆಂಪನ್ನು ಮುಚ್ಚುತ್ತದೆ, ಬಿಟ್ಟ ಕೂಡಲೇ ಕೆಂಪು ಮತ್ತಷ್ಟಾಗಿ ಮರಳುತ್ತದೆ. ಕೆಂಪು ಹೋಗಿದ್ದು ರೋಗ ಹೋದಂತಲ್ಲ. ಬೇಗ ಬೆಳ್ಳಗಾಗಿಸುವುದೇ ಒಳ್ಳೆಯ ಹನಿ ಎಂಬ ಭ್ರಮೆಯನ್ನು ನಾವು ಮೊದಲು ಬಿಡಬೇಕು.

ಆದುದರಿಂದ ದುಬಾರಿ ಹನಿಯಿಂದ ಅಗ್ಗದ ಹನಿಗೆ ಹೋಗುವವರು ಸೀಸೆಯ ಬಣ್ಣವನ್ನೂ ಮುಚ್ಚಳದ ಬಣ್ಣವನ್ನೂ ನಂಬದೆ, ಹಳೆಯ ಸೀಸೆಯನ್ನು ಎಸೆಯದೆ ಹೊಸದರ ಪಕ್ಕದಲ್ಲಿಟ್ಟು ನಾಲ್ಕು ಸಂಗತಿಗಳನ್ನು ಹೋಲಿಸಬೇಕೆಂದು ನಮ್ಮ ವಿನಂತಿ. ಲೇಬಲ್ ಇಂಗ್ಲಿಷಿನಲ್ಲಿರುತ್ತದೆ, ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಓದಬಲ್ಲರು.

ಮೊದಲನೆಯದು ನಿಜನಾಮ. 2018ರಲ್ಲಿ ಬಂದ ನಿಯಮದಂತೆ ಇದು ಮಾರಾಟದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು. ಅಕ್ಷರಕ್ಕೆ ಅಕ್ಷರ ಕೂಡಬೇಕು. ಓಲೋಪಟಡೀನಿನ ಬದಲು ಕೀಟೋಟಿಫೆನ್ ಕೊಟ್ಟರೆ ಅದು ಅಗ್ಗದ ಅದೇ ಮದ್ದಲ್ಲ, ಬೇರೆ ಮದ್ದು. ವೈದ್ಯರು ಹೇಳಿದರೆ ಮಾತ್ರ ಸರಿ.

ಎರಡನೆಯದು ಪ್ರಮಾಣ. ಓಲೋಪಟಡೀನ್ ನೂರಕ್ಕೆ 0.1 ಆದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 0.2 ಆದರೆ ದಿನಕ್ಕೆ ಒಂದು ಸಲ. 0.2ರಿಂದ 0.1ಕ್ಕೆ ಬಂದವರು ಹಳೆಯ ರೂಢಿಯಂತೆ ಒಂದೇ ಸಲ ಹಾಕಿಕೊಂಡು, "ಅಗ್ಗದ್ದು ಹಿಡಿಯಲಿಲ್ಲ" ಎಂದು ದೂರುವುದುಂಟು. ಹಿಡಿಯದಿದ್ದದ್ದು ಮದ್ದಲ್ಲ, ಲೆಕ್ಕ.

ಮೂರನೆಯದು, ಹೆಸರು ಒಂದೇ ಇದೆಯೇ, ಎರಡಿವೆಯೇ ಎಂಬುದು. ಚೀಟಿಯಲ್ಲಿ ಒಂದೇ ಮದ್ದಿದ್ದು ಸೀಸೆಯ ಮೇಲೆ ಎರಡು ಮೂರು ಹೆಸರುಗಳಿದ್ದರೆ ಕೊಳ್ಳಬೇಡಿ. ಸ್ಟೀರಾಯ್ಡ್ ಒಳನುಗ್ಗುವುದು ಈ ಬಾಗಿಲಿನಿಂದಲೇ.

ನಾಲ್ಕನೆಯದು, ಸೀಸೆ ಮೊಹರಾಗಿರಬೇಕು. ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರಬೇಕು. ಕಣ್ಣಿಗೆ ಎಂದು ಬರೆದಿರಬೇಕು. ರಸೀದಿ ಕೇಳಿ ತೆಗೆದುಕೊಳ್ಳಬೇಕು. ರಸೀದಿಯಿಲ್ಲದ ಅಗ್ಗಕ್ಕೆ ತಂದೆತಾಯಿ ಇಲ್ಲ.

ಬೆಲೆಯನ್ನು ಹೋಲಿಸುವಾಗಲೂ ಸೀಸೆಯ ಬೆಲೆಯನ್ನು ನೋಡಬಾರದು, ದಿನದ ಬೆಲೆಯನ್ನು ನೋಡಬೇಕು. ಒಂದು ಮಿಲಿಲೀಟರಿಗೆ ಸುಮಾರು 20 ಹನಿಯೆಂದು ಹಿಡಿದರೆ 5 ಮಿಲಿಲೀಟರಿನ ಸೀಸೆಯಲ್ಲಿ 100 ಹನಿ. ಎರಡು ಕಣ್ಣಿಗೆ ದಿನಕ್ಕೆರಡು ಸಲವಾದರೆ ನಾಲ್ಕು ಹನಿ. 25 ದಿನ ಬಂತು. ಕ್ರೋಮೋಗ್ಲೈಕೇಟ್ ದಿನಕ್ಕೆ ನಾಲ್ಕು ಸಲ ಹಾಕಬೇಕು, ಎಂಟು ಹನಿ, ಅದೇ ಗಾತ್ರದ ಸೀಸೆ 12 ದಿನಕ್ಕೆ ಮುಗಿಯುತ್ತದೆ. ಸೀಸೆ ಅಗ್ಗವೆಂದು ಕಂಡದ್ದು ತಿಂಗಳ ಲೆಕ್ಕದಲ್ಲಿ ದುಬಾರಿಯಾಗಬಹುದು. ದಿನಕ್ಕೊಂದು ಸಲದ ಹನಿ ತಿಂಗಳ ಮೇಲೂ ಉಳಿಯಬಹುದು; ಆದರೆ ಸಾಮಾನ್ಯವಾಗಿ ತೆರೆದ ಸೀಸೆಯನ್ನು ಒಂದು ತಿಂಗಳಿಗೆ ಬಿಸಾಡಬೇಕು. ಉಳಿದದ್ದನ್ನು ಮುಂದಿನ ಬೇಸಗೆಗೆಂದು ಗೂಡಿನಲ್ಲಿಡುವ ಉಳಿತಾಯ ಕಣ್ಣಿಗೆ ಸಾಲವಾಗುತ್ತದೆ. ಒಂದೇ ಮದ್ದಿನ ಬೇರೆ ಬೇರೆ ಹೆಸರುಗಳ ಬೆಲೆಯನ್ನು ನೋಡಲು ಕೇಂದ್ರ ಸರ್ಕಾರದ ಬೆಲೆ ನಿಯಂತ್ರಣ ಪ್ರಾಧಿಕಾರದವರು ಫಾರ್ಮಾ ಸಹೀ ದಾಮ್ ಎಂಬ ಮೊಬೈಲ್ ಆ್ಯಪ್ ಮಾಡಿದ್ದಾರೆ. ಮೊಬೈಲ್ ಇರುವ ಯುವಕರು ತಮ್ಮ ಬೀದಿಯವರಿಗೆ ನೋಡಿ ಹೇಳಲಿ.

ಬದಲಾಯಿಸಿದ ಮೇಲೆ ಒಂದೆರಡು ವಾರ ಗಮನಿಸಬೇಕು. ಹೊಸ ಹನಿ ಮೊದಲು ಸ್ವಲ್ಪ ಉರಿಯಬಹುದು. ಮದ್ದು ಒಂದೇ ಆದರೂ ಕೆಡದಂತೆ ಬೆರೆಸುವ ದ್ರವ್ಯಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು. ಕ್ಷಣಕಾಲದ ಉರಿಗೆ ಹೆದರಬೇಕಿಲ್ಲ. ಆದರೆ ನೋವು, ಮಸಕು, ಬೆಳಕು ನೋಡಲಾಗದಿರುವಿಕೆ, ಕೀವಿನಂಥ ಪಿಸುರು ಕಂಡರೆ ಹನಿಯನ್ನು ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಬೇಕು, ಸೀಸೆಯನ್ನೂ ಒಯ್ಯಬೇಕು. ಈಗಾಗಲೇ ಬಹುಕಾಲದಿಂದ ಸ್ಟೀರಾಯ್ಡ್ ಹನಿ ಹಾಕಿಕೊಳ್ಳುತ್ತಿರುವವರು ಈ ಲೇಖನ ಓದಿ ಗಾಬರಿಯಿಂದ ಒಮ್ಮೆಗೇ ಬಿಟ್ಟುಬಿಡಬಾರದು. ಬೇಗನೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ ಒತ್ತಡ ಅಳೆಯಿಸಿ ಅವರು ಹೇಳಿದ ಕ್ರಮದಲ್ಲಿ ಇಳಿಸಬೇಕು. ಕೈ ತೊಳೆಯದೆ ಸೀಸೆ ಮುಟ್ಟಬಾರದು. ಅದರ ಮೂತಿ ಕಣ್ಣಿಗೆ ತಾಗಬಾರದು. ಒಂದು ಸೀಸೆ ಇಬ್ಬರಿಗೆ ಬೇಡ. ತುರಿಕೆಗೆ ತಣ್ಣೀರಿನ ಶುಭ್ರ ಬಟ್ಟೆ ಒತ್ತುವುದು ಒಳ್ಳೆಯದು, ಕಾಸೂ ಬೇಡ. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಹರಳೆಣ್ಣೆ ಕಣ್ಣಿಗೆ ಬೇಡ. ಹಿರಿಯರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಹೇಳುತ್ತೇವೆ, ರೋಗಾಣುವಿಗೆ ಸಂಪ್ರದಾಯ ತಿಳಿಯದು.

ಇಷ್ಟು ಜನರು ಮಾಡಬೇಕಾದದ್ದು. ಎಲ್ಲ ಹೊರೆಯನ್ನೂ ಹೂ ಕೀಳುವ ತಾಯಿಯ ತಲೆಯ ಮೇಲೆಯೇ ಇಟ್ಟು ನಾವು ಲೇಖನಿ ಮುಚ್ಚಿದರೆ ಅದು ಅನ್ಯಾಯ. ಸರ್ಕಾರ ಮಾಡಬೇಕಾದದ್ದೇನು?

1997ರಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು. 2016ರಲ್ಲಿ ಚಾಮರಾಜನಗರಕ್ಕೆ ವೈದ್ಯಕೀಯ ಕಾಲೇಜೂ ಬಂದಿತು. ಕಟ್ಟಡ ಬಂದರೆ ಸಾಲದು, ಕಪಾಟಿನಲ್ಲಿ ಮದ್ದು ಬರಬೇಕು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಅಂಗಡಿಗಳನ್ನು ಮುಚ್ಚಬೇಕೆಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿಯೇ ಸಿಗಬೇಕು, ಹಣಕ್ಕೆ ಮಾರುವ ಅಂಗಡಿ ಅಲ್ಲೇಕೆ ಎಂಬುದು ಅದರ ವಾದ. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ವಾದ ತತ್ವದಲ್ಲಿ ಸರಿಯೇ. ಉಚಿತವಾಗಿ ಸಿಗುವುದಾದರೆ ಅಗ್ಗದ ಮಾತೇಕೆ? ಆದರೆ ಉಚಿತ ಕಪಾಟು ಖಾಲಿಯಿದ್ದ ದಿನ ಅಗ್ಗದ ಅಂಗಡಿಯನ್ನೂ ಮುಚ್ಚಿದರೆ ಬಡವನು ಹೋಗುವುದು ದುಬಾರಿ ಅಂಗಡಿಗೆ. ಮೊದಲು ಕಪಾಟು ತುಂಬಿ, ಆಮೇಲೆ ಬಾಗಿಲ ಮಾತಾಡಿ. ನೆರೆಯ ತಮಿಳುನಾಡು 1990ರ ದಶಕದಲ್ಲಿಯೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಕಟ್ಟಿತು. ನಮ್ಮಲ್ಲೂ ವೈದ್ಯಕೀಯ ಸರಬರಾಜು ನಿಗಮವಿದೆ. ಬೆಂಗಳೂರಿನಲ್ಲಿ 1981ರಿಂದ ಸಾರ್ವಜನಿಕ ರಂಗದ ಔಷಧ ಕಾರ್ಖಾನೆಯೂ ಇದೆ. ಸಾಧನಗಳಿವೆ, ಇಲ್ಲದಿರುವುದು ಸಂಕಲ್ಪ.

ನಮ್ಮ ಬೇಡಿಕೆಗಳು ಐದು. ಒಂದು: ಜಿಲ್ಲೆಯ ಸರ್ಕಾರಿ ವೈದ್ಯರೆಲ್ಲರೂ ನಿಜನಾಮವನ್ನೂ ಪ್ರಮಾಣವನ್ನೂ ಓದಲು ಬರುವಂತೆ ಬರೆಯಬೇಕು. ಎರಡು: ಕಣ್ಣಿನ ಅಲರ್ಜಿಗೆ ಕನಿಷ್ಠ ಒಂದು ಒಳ್ಳೆಯ ಹನಿ, ಸ್ಟೀರಾಯ್ಡ್ ಅಲ್ಲದ್ದು, ತಾಲ್ಲೂಕು ಆಸ್ಪತ್ರೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ವರ್ಷವಿಡೀ ಉಚಿತವಾಗಿ ದೊರೆಯಬೇಕು. ಮೂರು: ಹಂಚುವ ಮುನ್ನ ಪ್ರತಿ ಬ್ಯಾಚಿನ ಪರೀಕ್ಷೆಯಾಗಬೇಕು, ಫಲಿತಾಂಶವನ್ನು ಕನ್ನಡದಲ್ಲಿ ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು. ನಾಲ್ಕು: ಸ್ಟೀರಾಯ್ಡ್ ಹನಿಯನ್ನು ಚೀಟಿಯಿಲ್ಲದೆ ಮಾರುವುದನ್ನು ಔಷಧ ನಿಯಂತ್ರಣದವರು ನಿಲ್ಲಿಸಬೇಕು, ಅದರ ಸೀಸೆಯ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಇರಬೇಕು. ಐದು: ಶಾಲೆಗೆ ಬರುವ ಆರೋಗ್ಯ ತಂಡ ಕಣ್ಣು ಉಜ್ಜುವ ಪ್ರತಿ ಮಗುವನ್ನೂ, "ಯಾವ ಹನಿ ಹಾಕುತ್ತೀಯೆ, ಸೀಸೆ ತಾ" ಎಂದು ಕೇಳಬೇಕು. ಉಪಾಧ್ಯಾಯ ಮಿತ್ರರು ಈ ಕೊನೆಯ ಕೆಲಸಕ್ಕೆ ತಂಡ ಬರುವವರೆಗೆ ಕಾಯಬೇಕಾಗಿಲ್ಲ. ನಾವು ಮಾಡದೆ ಹೋದದ್ದನ್ನು ಅವರು ಮಾಡಲಿ.

ಅಂದು ಆ ತಾಯಿಯ ಕೈಯಲ್ಲಿದ್ದ ಎರಡು ಸೀಸೆಗಳನ್ನು ನಾವು ಪಕ್ಕ ಪಕ್ಕದಲ್ಲಿಟ್ಟು ಓದಿದೆವು. ಖಾಲಿ ಸೀಸೆಯಲ್ಲಿ ಒಂದು ಹೆಸರಿತ್ತು. ಅಗ್ಗದ ಸೀಸೆಯಲ್ಲಿ ಎರಡಿದ್ದವು. ಎರಡನೆಯದು ನಮಗೆ ಚೆನ್ನಾಗಿ ಗೊತ್ತಿದ್ದ ಹೆಸರು. ಅದನ್ನು ಹಿಂದಕ್ಕೆ ಕೊಟ್ಟು, ಖಾಲಿ ಸೀಸೆಯಲ್ಲಿದ್ದ ಮದ್ದೇ, ಅದೇ ಪ್ರಮಾಣದ್ದು, ಕಡಿಮೆ ಬೆಲೆಯ ಬೇರೆ ಕಂಪನಿಯದು ಇದೆಯೇ ಎಂದು ಕೇಳಿದೆವು. ಅಂಗಡಿಯವನು ಒಳಗಿನ ಕಪಾಟಿನಲ್ಲಿ ಹುಡುಕಿದ. ಇತ್ತು. ಆದರೆ ಚೀಟಿಯಲ್ಲಿದ್ದದ್ದು ಕಂಪನಿಯ ಹೆಸರು. ವೈದ್ಯರಿಗೆ ಫೋನು ಮಾಡಿಸಿದೆವು. ಅವರು ಒಂದೇ ಮಾತಿನಲ್ಲಿ ಒಪ್ಪಿ, ಸಂಜೆ ಚೀಟಿ ತನ್ನಿ, ತಿದ್ದಿ ಕೊಡುತ್ತೇನೆ ಎಂದರು. ಸಂಜೆ ಆಕೆ ಮಗನಿಗೆ ಹನಿ ಕೊಂಡು ಊರಿನ ಬಸ್ಸು ಹತ್ತಿದಳು.

ಇಷ್ಟಕ್ಕೆ ಬೇಕಾದದ್ದು ಒಂದು ಫೋನು, ಒಂದು ಓದು, ಒಂದು ಸಾಲಿನ ತಿದ್ದುಪಡಿ. ಇದು ಒಬ್ಬ ತಾಯಿಗೆ ದಾರಿಯಲ್ಲಿ ಮೇಷ್ಟ್ರು ಸಿಕ್ಕರೆ ದೊರೆಯುವ ಭಾಗ್ಯವಾಗಬಾರದು. ಚೀಟಿ ಹಿಡಿದು ಬಂದ ಪ್ರತಿಯೊಬ್ಬರಿಗೂ ದೊರೆಯುವ ಹಕ್ಕಾಗಬೇಕು. ಅಲ್ಲಿಯವರೆಗೆ, ಓದುಗ ಬಂಧುಗಳೇ, ನಿಮ್ಮ ಮನೆಯ ಗೂಡಿನಲ್ಲಿರುವ ಸೀಸೆಯನ್ನು ಇಂದೇ ಕೆಳಗಿಳಿಸಿ, ಅದರ ಮೇಲಿನ ಹೆಸರನ್ನು ಓದಿ. ಓದಲು ಬಾರದ ನೆರೆಯವರಿಗೆ ಓದಿ ಹೇಳಿ.